ಹಳೆ ಸಿ10ಗೆ ವಿ8: ಮೀಟರ್ 12.4 ತೋರಿಸ್ತಿದೆ, ಗಾಡಿ ಮಾತ್ರ ಕೆಮ್ಮುತ್ತಿದೆ

ಮೂರನೇ ಗೇರ್
ನನ್ನ ಗಾಡಿ 1969ರ ಶೆವರ್ಲೆ ಸಿ10 ಪಿಕಪ್. ಮೊದಲಿದ್ದದ್ದು 250 ಕ್ಯೂಬಿಕ್ ಇಂಚಿನ ಸಿಕ್ಸ್ ಸಿಲಿಂಡರ್ ಎಂಜಿನ್, ಪಾಯಿಂಟ್ ಇಗ್ನಿಷನ್ (ಕಾಯಿಲ್‌ನ ಕರೆಂಟನ್ನು ಲೋಹದ ಪಾಯಿಂಟ್‌ಗಳೇ ಕಡಿಯುವ ಹಳೆ ಬಗೆ). ಈಗ ಅಲ್ಲಿ 350 ವಿ8, ಕ್ಯಾಪ್ ಮೇಲೇ ಕಾಯಿಲ್ ಕೂತಿರುವ ಎಚ್‌ಇಐ ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವ ಜಿಎಂ ಇಗ್ನಿಷನ್). ಹಳೆ ಕಾಯಿಲ್‌ನ ಪ್ಲಸ್‌ಗೆ ಬರುತ್ತಿದ್ದ ವೈರನ್ನೇ ತಂದು ಎಚ್‌ಇಐನ ‘ಬ್ಯಾಟ್’ ಟರ್ಮಿನಲ್‌ಗೆ ಹಾಕಿದೆ. ಆಲ್ಟರ್ನೇಟರ್ ಕೂಡ ಬದಲಾಗಿದೆ, ರೆಗ್ಯುಲೇಟರ್ ಒಳಗೇ ಇರುವ 10ಎಸ್‌ಐ.

ಸೆಲ್ಫ್ ಹೊಡೆದರೆ ತಕ್ಷಣ ಹತ್ತುತ್ತದೆ. ಕೀ ಬಿಟ್ಟಾಗ ಐದರಲ್ಲಿ ಎರಡು ಸಲ ಅಲ್ಲೇ ಆಫ್. ಉಳಿದುಕೊಂಡರೆ ಐಡಲ್ ಪರವಾಗಿಲ್ಲ, 2,500 ಆರ್‌ಪಿಎಂ ದಾಟಿದರೆ ಕೆಮ್ಮು, ಸೈಲೆನ್ಸರ್‌ನಲ್ಲಿ ಪಟಾಕಿ. ಬ್ಯಾಟ್ ಪ್ಲಗ್ ಕಿತ್ತು ಕೀ ಆನ್ ಮಾಡಿ ಮೀಟರ್ ಇಟ್ಟರೆ 12.4 ವೋಲ್ಟ್, ಬ್ಯಾಟರಿಯಲ್ಲಿ 12.5. ಕರೆಂಟ್ ಸರಿ ಇದೆಯಲ್ಲ, ಹಾಗಾಗಿ ಕಾರ್ಬ್ಯುರೇಟರ್ ಬಿಚ್ಚೋಣ ಅಂತಿದ್ದೇನೆ. ಫ್ಲೋಟ್ ಲೆವೆಲ್ಲೋ, ಪಂಪೋ?

ಹನ್ನೆರಡು ವೋಲ್ಟ್
ಕಾರ್ಬ್ಯುರೇಟರ್ ಮುಟ್ಟಬೇಡಿ ಸರ್. ಪ್ಲಗ್ ಕಿತ್ತು ಅಳೆದ ವೋಲ್ಟೇಜ್‌ಗೆ ಬೆಲೆಯಿಲ್ಲ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಮ್ಮಿ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಬೀಳುವುದಿಲ್ಲ, ಆದ್ದರಿಂದ ಮಧ್ಯೆ ಎಷ್ಟೇ ರೆಸಿಸ್ಟೆನ್ಸ್ ಕೂತಿದ್ದರೂ ಆ ತುದಿಯಲ್ಲಿ ಬ್ಯಾಟರಿ ವೋಲ್ಟೇಜೇ ಕಾಣುತ್ತದೆ. ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರ್ ಕೂಡ ಮೀಟರ್‌ಗೆ 12.4 ಕೊಡುತ್ತದೆ.

ನೀವು ತಂದು ಹಾಕಿರುವುದು ಮಾಮೂಲಿ ವೈರ್ ಅಲ್ಲ. ಫೈರ್‌ವಾಲ್‌ನ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ದೊಡ್ಡ ಕನೆಕ್ಟರ್‌ನಿಂದ ಕಾಯಿಲ್ ತನಕ ಬರುವ ಆ ತುಂಡು ರೆಸಿಸ್ಟೆನ್ಸ್ ವೈರ್. ಮೇಲೆ ಬಟ್ಟೆ ಹೊದಿಕೆ ಇರುತ್ತದೆ, ಮುಟ್ಟಿದರೆ ಪಕ್ಕದ ಪ್ಲಾಸ್ಟಿಕ್ ವೈರ್‌ಗಳಿಗಿಂತ ಒರಟು. ಸುಮಾರು 1.8 ಓಮ್. ಪಾಯಿಂಟ್ ಸುಡದ ಹಾಗೆ ಕಾಯಿಲ್ ಕರೆಂಟನ್ನು 4 ಆಂಪ್ ಆಸುಪಾಸಿನಲ್ಲಿ ಹಿಡಿದಿಡಲು ಫ್ಯಾಕ್ಟರಿಯವರೇ ಹಾಕಿದ್ದು.

ಹಾಗಾದರೆ ಸೆಲ್ಫ್ ಹೊಡೆದಾಗ ಯಾಕೆ ಚೆನ್ನಾಗಿ ಹತ್ತುತ್ತದೆ? ಸ್ಟಾರ್ಟರ್ ಸೊಲೆನಾಯ್ಡ್‌ನ (ಸೆಲ್ಫ್ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ‘ಆರ್’ ಟರ್ಮಿನಲ್‌ನಿಂದ ಕಾಯಿಲ್ ಪ್ಲಸ್‌ಗೆ ಇನ್ನೊಂದು ಹಳದಿ ವೈರ್ ಬರುತ್ತದೆ. ಸೆಲ್ಫ್ ತಿರುಗುವಷ್ಟು ಹೊತ್ತು ಮಾತ್ರ ಅದರಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್, ರೆಸಿಸ್ಟೆನ್ಸ್ ವೈರನ್ನು ಸುತ್ತುಹಾಕಿ ಬರುತ್ತದೆ. ಕೀ ಬಿಟ್ಟ ತಕ್ಷಣ ಹಳದಿ ವೈರ್ ಸತ್ತು ರೆಸಿಸ್ಟೆನ್ಸ್ ವೈರ್ ಒಂದೇ ಗತಿ. ನಿಮ್ಮ ಗಾಡಿ ಸಾಯುವುದು ಸರಿಯಾಗಿ ಆ ಗಳಿಗೆಯಲ್ಲಿ.

ನಂಬಿಕೆ ಬರದಿದ್ದರೆ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಒಂದಕ್ಕೆ ಎರಡು ವೈರ್ ಕಟ್ಟಿ, ಒಂದನ್ನು ಆ ಬ್ಯಾಟ್ ಪ್ಲಗ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಕೊಡಿ. ಕೀ ಆನ್ ಮಾಡಿ, ಬಲ್ಬ್ ಉರಿಯುವಾಗಲೇ ಅದರ ತುದಿಗಳಲ್ಲಿ ಮೀಟರ್ ಇಟ್ಟು ನೋಡಿ.

ಮೂರನೇ ಗೇರ್
ನೋಡಿದೆ. 6.7 ವೋಲ್ಟ್! ಬಲ್ಬ್ ಬಿಳಿ ಬೆಳಕೇ ಕೊಡಲಿಲ್ಲ, ಕಿತ್ತಳೆ ಬಣ್ಣಕ್ಕೆ ಉರಿಯಿತು. ಅದೇ ಬಲ್ಬನ್ನು ನೇರ ಬ್ಯಾಟರಿಗೆ ಕೊಟ್ಟರೆ 12.2. ಪ್ಲಗ್ ವಾಪಸ್ ಹಾಕಿ, ಗಾಡಿ ಓಡುವಾಗ ಹಿಂಬದಿಯಿಂದ ಮೀಟರ್ ಮುಳ್ಳು ತೂರಿಸಿದರೆ ಐಡಲ್‌ನಲ್ಲಿ 11.2, 3,000ಕ್ಕೆ ಏರಿಸಿದರೆ 8.8. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 14.1.

ಸುಟ್ಟ ಫ್ಯೂಸ್
ಆರ್‌ಪಿಎಂ ಏರಿದಂತೆ ವೋಲ್ಟೇಜ್ ಇಳಿಯುತ್ತಿರುವುದನ್ನು ಗಮನಿಸಿ. ಎಚ್‌ಇಐ ಮಾಡ್ಯೂಲ್ ವೇಗಕ್ಕೆ ತಕ್ಕಂತೆ ಡ್ವೆಲ್ ಹೆಚ್ಚಿಸುತ್ತದೆ, ಅಂದರೆ ಕಾಯಿಲ್‌ಗೆ ಕರೆಂಟ್ ಹರಿಯುವ ಹೊತ್ತಿನ ಪಾಲು ಜಾಸ್ತಿ, ಸರಾಸರಿ ಕರೆಂಟೂ ಜಾಸ್ತಿ. 14.1ರಿಂದ 8.8 ಕಳೆದರೆ 5.3 ವೋಲ್ಟ್, 1.8 ಓಮ್‌ನಿಂದ ಭಾಗಿಸಿ, 3 ಆಂಪ್ ಹತ್ತಿರ. ಲೆಕ್ಕ ಕೂಡುತ್ತದೆ. ಕಿಡಿಗೆ ಬಲ ಬೇಕಾದ ಹೊತ್ತಿಗೇ ಬಲ ಇಲ್ಲ.

ಟಾರ್ಪಾಲು
ಒಂದು ಅನುಮಾನ. ರೆಸಿಸ್ಟೆನ್ಸ್ ತೆಗೆದರೆ ಕಾಯಿಲ್ ಸುಟ್ಟು ಹೋಗುವುದಿಲ್ಲವೇ? ಬ್ಯಾಲಸ್ಟ್ (ಕರೆಂಟ್ ತಡೆಯುವ ರೆಸಿಸ್ಟೆನ್ಸ್) ಇಲ್ಲದೆ 12 ವೋಲ್ಟ್ ಕೊಡಬಾರದು ಅಂತಲೇ ಎಲ್ಲರೂ ಹೇಳುವುದು.

ಹನ್ನೆರಡು ವೋಲ್ಟ್
ಪಾಯಿಂಟ್ ಇಗ್ನಿಷನ್‌ಗೆ ಆ ಮಾತು ನಿಜ. ಅಲ್ಲಿ ಕರೆಂಟ್ ತಡೆಯಲು ಬೇರೆ ಯಾರೂ ಇಲ್ಲ: ಕಾಯಿಲ್‌ನ ಪ್ರೈಮರಿ 1.5 ಓಮ್ ಇದ್ದರೆ ಹೊರಗೊಂದು ಬ್ಯಾಲಸ್ಟ್ ಬೇಕು, ಪ್ರೈಮರಿಯೇ 3 ಓಮ್ ಇದ್ದರೆ ಬೇಡ. ಎಚ್‌ಇಐ ಕಾಯಿಲ್‌ನ ಪ್ರೈಮರಿ 1 ಓಮ್‌ಗಿಂತ ಕಡಿಮೆ, ನಿಜ, ಆದರೆ ಕರೆಂಟಿನ ಕಡಿವಾಣ ಮಾಡ್ಯೂಲ್ ಕೈಯಲ್ಲಿದೆ. ಸುಮಾರು 5.5 ಆಂಪ್ ಮುಟ್ಟಿದ ಮೇಲೆ ಅದು ಬಿಡುವುದಿಲ್ಲ. 1975ರ ಮಾದರಿಗಳಿಂದ ಜಿಎಂ ಗಾಡಿಗಳಲ್ಲಿ ಎಚ್‌ಇಐ ಮಾಮೂಲಾಯಿತು, ಆ ಗಾಡಿಗಳ ಇಗ್ನಿಷನ್ ಸಾಲಿನಲ್ಲಿ ರೆಸಿಸ್ಟೆನ್ಸ್ ವೈರೇ ಇಲ್ಲ.

ಗ್ರೀಸ್ ಕೈ
ಹಾಗಾದರೆ ಆ ಬಟ್ಟೆ ವೈರನ್ನು ಫೈರ್‌ವಾಲ್ ಕನೆಕ್ಟರ್‌ವರೆಗೂ ಕಿತ್ತು ಬಿಸಾಕಿ, ಅದರ ಜಾಗದಲ್ಲಿ 12 ಗೇಜ್ ವೈರ್ ಎಳೆಯಿರಿ. ಕೆಲಸ ಮುಗಿಯಿತು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಗಿಲೇ ಅಂತ ಹೋಗಬೇಡಿ, ಕೆಡುವ ಭಾಗ ಒಂದು ಜಾಸ್ತಿ ಆಗುತ್ತದೆ ಅಷ್ಟೇ.

ಹನ್ನೆರಡು ವೋಲ್ಟ್
ಅದೂ ಸರಿಯಾದ ದಾರಿಯೇ, ಆದರೆ ಕನೆಕ್ಟರ್ ಒಳಗಿನ ಪಿನ್ ತೆಗೆಯುವುದನ್ನು ಬಲ್ಲವರಿಗೆ. ಐವತ್ತು ವರ್ಷ ದಾಟಿದ ಆ ಪ್ಲಾಸ್ಟಿಕ್‌ನಲ್ಲಿ ಪಿನ್‌ನ ಹಿಡಿ ಮುರಿದರೆ ಇನ್ನು ನಾಲ್ಕು ಸಾಲುಗಳೂ ಸಡಿಲ. ಇನ್ನೊಂದು ವಿಷಯ: 12 ಗೇಜ್ ವೈರ್ ಎಳೆದರೂ ಕರೆಂಟ್ ಬರುವುದು ಅದೇ ಹಳೆ ಇಗ್ನಿಷನ್ ಸ್ವಿಚ್, ಅದೇ ಕನೆಕ್ಟರ್ ದಾಟಿಕೊಂಡು. ಎರಡೂ ಕಡೆ ಅರ್ಧ ಅರ್ಧ ವೋಲ್ಟ್ ಬಿಟ್ಟುಕೊಟ್ಟರೆ ಮತ್ತೆ ಕೊರತೆ.

ನನ್ನ ಮತ ರಿಲೇಗೆ. 30/40 ಆಂಪ್‌ನ ಸಾಮಾನ್ಯ ರಿಲೇ ಸಾಕು. 30ನೇ ಪಿನ್‌ಗೆ ಬ್ಯಾಟರಿ ಕಡೆಯಿಂದ 3 ಚದರ ಮಿ.ಮೀ. ವೈರ್, ಬ್ಯಾಟರಿಯಿಂದ ಒಂದು ಗೇಣಿನ ಒಳಗೇ 20 ಆಂಪ್ ಫ್ಯೂಸ್. 87ರಿಂದ ಎಚ್‌ಇಐನ ಬ್ಯಾಟ್‌ಗೆ ಅಷ್ಟೇ ದಪ್ಪದ ವೈರ್. 85, 86 ರಿಲೇ ಕಾಯಿಲ್‌ನ ಎರಡು ತುದಿಗಳು: 85 ಅರ್ತ್‌ಗೆ. 86ಕ್ಕೆ ಈಗಿರುವ ರೆಸಿಸ್ಟೆನ್ಸ್ ವೈರನ್ನೇ ಕೊಡಿ, ಕೀಳಬೇಡಿ. ರಿಲೇ ಕಾಯಿಲ್ 80–90 ಓಮ್ ಇರುತ್ತದೆ, ಎಳೆಯುವುದು 0.15 ಆಂಪ್. 1.8 ಓಮ್‌ನಲ್ಲಿ ಅಷ್ಟು ಕರೆಂಟಿಗೆ ಬೀಳುವುದು ಕಾಲು ವೋಲ್ಟ್. ರಿಲೇಗೆ ಅದು ಗೊತ್ತೇ ಆಗುವುದಿಲ್ಲ.

ರಿಲೇ ಮೇಲಿನ ಚಿತ್ರ ನೋಡಿ. ಒಳಗೆ ಡಯೋಡ್ ಇರುವ ರಿಲೇ ಆದರೆ 86 ಪ್ಲಸ್, 85 ಅರ್ತ್, ಇದರಲ್ಲಿ ಅದಲುಬದಲಿಲ್ಲ. ತಿರುಗಿಸಿ ಕೊಟ್ಟರೆ ಡಯೋಡ್ ಮೂಲಕ ನೇರ ಶಾರ್ಟ್.

ರೆಸಿಸ್ಟೆನ್ಸ್ ವೈರ್‌ಗೆ ಬೆಸುಗೆ ಹಾಕಲು ಹೋಗಬೇಡಿ. ಅದು ತಾಮ್ರವಲ್ಲ, ಸೀಸ ಸರಿಯಾಗಿ ಹಿಡಿಯುವುದಿಲ್ಲ. ಮೇಲೆ ಅಂಟಿದಂತೆ ಕಂಡು ಅದುರಿಗೆ ಬಿಟ್ಟುಕೊಳ್ಳುತ್ತದೆ. ಒಳ್ಳೆಯ ಕ್ರಿಂಪ್ ಹಾಕಿ.

ಪಾಯಿಂಟ್ ಗ್ಯಾಪ್
ಹಳದಿ ವೈರ್ ಬಗ್ಗೆ ಯಾರೂ ಹೇಳಲಿಲ್ಲ. ರಿಲೇ ಹಾಕಿದ ಮೇಲೆ ಅದರ ಅಗತ್ಯ ಇದೆಯೋ ಇಲ್ಲವೋ ಎಂಬುದು, ಸೆಲ್ಫ್ ಹೊಡೆಯುವಾಗ ನಿಮ್ಮ ಸ್ವಿಚ್ಚು ಇಗ್ನಿಷನ್ ಸಾಲಿಗೆ ಕರೆಂಟ್ ಕೊಡುತ್ತಲೇ ಇರುತ್ತದೋ ಕೈಬಿಡುತ್ತದೋ ಎಂಬುದರ ಮೇಲೆ ನಿಂತಿದೆ. ಸೊಲೆನಾಯ್ಡ್‌ನ ‘ಎಸ್’ ವೈರ್ (ಕೀಯಿಂದ ಬಂದು ಸೆಲ್ಫ್ ತಿರುಗಿಸುವುದು) ಬಿಚ್ಚಿಟ್ಟು, ಕೀಯನ್ನು ಸ್ಟಾರ್ಟ್‌ಗೆ ಹಿಡಿದು, 86ರಲ್ಲಿ ಟೆಸ್ಟ್ ಲ್ಯಾಂಪ್ ಇಡಿ. ಉರಿದರೆ ಹಳದಿ ವೈರ್ ಬೇಡ, ಎರಡೂ ತುದಿ ಕತ್ತರಿಸಿ ಟೇಪ್ ಸುತ್ತಿ. ಆರಿದರೆ ಹಳದಿಯನ್ನೂ 86ಕ್ಕೇ ಸೇರಿಸಿ.

ಇಲ್ಲೊಂದು ಎಡವುವ ಜಾಗ ಇದೆ. ಈಗ ಸಿಗುವ ಸಣ್ಣ ಗೇರ್ ಸ್ಟಾರ್ಟರ್‌ಗಳಲ್ಲಿ ಹಲವಕ್ಕೆ ‘ಆರ್’ ಟರ್ಮಿನಲ್ ಇಲ್ಲ, ‘ಎಸ್’ ಒಂದೇ. ಹಳದಿ ವೈರ್‌ಗೆ ಜಾಗ ಸಿಗಲಿಲ್ಲ ಅಂತ ಅದನ್ನೂ ಎಸ್‌ಗೇ ಕಟ್ಟುವವರಿದ್ದಾರೆ. ಆಗ ಕೀ ರನ್‌ನಲ್ಲಿರುವಾಗ ಇಗ್ನಿಷನ್ ಸಾಲಿನ ಕರೆಂಟ್ ಹಿಮ್ಮುಖವಾಗಿ ಸೊಲೆನಾಯ್ಡ್‌ಗೆ ಹೋಗುತ್ತದೆ. ಎಂಜಿನ್ ಹತ್ತಿದ ಮೇಲೂ ಸೆಲ್ಫ್ ಕೈಬಿಡದೆ ಕಿರುಚುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ಫೋರ್ಡ್‌ನಲ್ಲಿ ಫೆಂಡರ್ ಮೇಲಿನ ಸೊಲೆನಾಯ್ಡ್‌ಗೆ ‘ಎಸ್’ ಮತ್ತು ‘ಐ’ ಅಂತ ಎರಡು ಸಣ್ಣ ಕಂಬಗಳಿರುತ್ತವೆ, ಅವು ಅದಲುಬದಲಾದರೂ ಇದೇ ಗೋಳು.

ಮೂರನೇ ಗೇರ್
ಎಸ್ ಬಿಚ್ಚಿ ನೋಡಿದೆ, ಸ್ಟಾರ್ಟ್‌ನಲ್ಲೂ 86ರಲ್ಲಿ ಲ್ಯಾಂಪ್ ಉರಿಯುತ್ತದೆ. ಹಳದಿ ತೆಗೆದೆ. ರಿಲೇ ಹಾಕಿದೆ. ಈಗ 3,000 ಆರ್‌ಪಿಎಂನಲ್ಲಿ ಬ್ಯಾಟ್‌ನಲ್ಲಿ 13.8, ಬ್ಯಾಟರಿಯಲ್ಲಿ 14.1. ಕೆಮ್ಮು ಮಾಯ, ಕೀ ಬಿಟ್ಟಾಗ ಸಾಯುವುದೂ ಇಲ್ಲ.

ಆದರೆ ಹೊಸ ತಲೆನೋವು: ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುತ್ತಿಲ್ಲ! ಗೇರ್ ಹಾಕಿ ಕ್ಲಚ್ ಬಿಟ್ಟು ಅದುಮಿ ನಿಲ್ಲಿಸಬೇಕಾಯಿತು. ರಿಲೇ ಅಂಟಿಕೊಂಡಿದೆಯಾ? ಬೇರೆ ರಿಲೇ ಹಾಕಿದರೂ ಅದೇ ಕಥೆ. ರಿಲೇಗೆ ಮೊದಲು ಆಫ್ ಆಗುವುದಕ್ಕೆ ಯಾವ ತಕರಾರೂ ಇರಲಿಲ್ಲ.

ಗ್ರೀಸ್ ಕೈ
ನಾನು ಹೇಳಿರಲಿಲ್ಲವೇ!

ಸುಟ್ಟ ಫ್ಯೂಸ್
ರಿಲೇ ತಪ್ಪಲ್ಲ ಗುರುಗಳೇ, ರಿಲೇ ತೀರಾ ಕಡಿಮೆ ಕರೆಂಟಿಗೆ ತೃಪ್ತಿಪಡುವುದು ಇಲ್ಲಿಯ ಸಮಸ್ಯೆ.

ಡ್ಯಾಶ್‌ಬೋರ್ಡಿನ ಚಾರ್ಜ್ ದೀಪದಿಂದ ಕಂದು ಬಣ್ಣದ ವೈರ್ ಆಲ್ಟರ್ನೇಟರ್‌ನ 1ನೇ ಪಿನ್‌ಗೆ ಹೋಗುತ್ತದೆ. ದೀಪದ ಮತ್ತೊಂದು ತುದಿ ಇಗ್ನಿಷನ್ ಸಾಲಿಗೆ ಸೇರಿದೆ. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿದರೆ ಕರೆಂಟ್ ದೀಪ ದಾಟಿ ಆಲ್ಟರ್ನೇಟರ್‌ಗೆ ಹೋಗುತ್ತದೆ, ದೀಪ ಉರಿಯುತ್ತದೆ. ಎಂಜಿನ್ ಓಡತೊಡಗಿದರೆ 1ನೇ ಪಿನ್ನೇ 14 ವೋಲ್ಟ್ ಆಗುತ್ತದೆ, ಎರಡೂ ಕಡೆ ಸಮ, ದೀಪ ಆರುತ್ತದೆ. ಈಗ ಕೀ ಆಫ್ ಮಾಡಿ. ಸ್ವಿಚ್ ಕಡೆ ಸೊನ್ನೆ, ಆಲ್ಟರ್ನೇಟರ್ ಕಡೆ 14. ಕರೆಂಟ್ ದೀಪದ ಮೂಲಕ ವಾಪಸ್ ಇಗ್ನಿಷನ್ ಸಾಲಿಗೆ ನುಗ್ಗುತ್ತದೆ.

ಮೊದಲು ಆ ಸಾಲಿನಲ್ಲಿ ಕೂತಿದ್ದದ್ದು ಎಚ್‌ಇಐ. ದೀಪ ದಾಟಿ ಬರುವ ಕಾಲು ಆಂಪ್‌ನಲ್ಲಿ ಅದು ಬದುಕಲಾರದು, ಎಂಜಿನ್ ನಿಲ್ಲುತ್ತಿತ್ತು. ಈಗ ಕೂತಿರುವುದು 0.15 ಆಂಪ್ ಸಾಕೆನ್ನುವ ರಿಲೇ ಕಾಯಿಲ್. ಮೇಲಾಗಿ ರಿಲೇ ಮುಚ್ಚಿಕೊಳ್ಳಲು ಬೇಕಾದದ್ದಕ್ಕಿಂತ ಮುಚ್ಚಿಕೊಂಡೇ ಇರಲು ಬೇಕಾದ ವೋಲ್ಟೇಜ್ ಬಹಳ ಕಡಿಮೆ. ರಿಲೇ ಬಿಡದಿದ್ದರೆ ಎಂಜಿನ್ ಓಡುತ್ತದೆ, ಎಂಜಿನ್ ಓಡಿದರೆ ಆಲ್ಟರ್ನೇಟರ್ ರಿಲೇಯನ್ನು ಹಿಡಿದಿಡುತ್ತದೆ. ಹಾವು ತನ್ನ ಬಾಲ ತಾನೇ ಕಚ್ಚಿಕೊಂಡ ಹಾಗೆ.

ಖಚಿತ ಮಾಡಿಕೊಳ್ಳಿ: ಕೀ ಆಫ್ ಮಾಡಿಯೂ ಓಡುತ್ತಿರುವಾಗ ಆಲ್ಟರ್ನೇಟರ್‌ನ ಎರಡು ಪಿನ್‌ನ ಸಣ್ಣ ಪ್ಲಗ್ ಕಿತ್ತರೆ ಎಂಜಿನ್ ನಿಲ್ಲಬೇಕು. ಬೆಲ್ಟ್, ಫ್ಯಾನ್ ಹತ್ತಿರ ಕೈ ಜಾಗ್ರತೆ. ಬ್ಯಾಟರಿ ಕೇಬಲ್ ಮಾತ್ರ ಎಂದೂ ಕೀಳಬೇಡಿ. ಓಡುವ ಆಲ್ಟರ್ನೇಟರ್‌ನಿಂದ ಬ್ಯಾಟರಿ ಬಿಡಿಸಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಮಾಡ್ಯೂಲನ್ನೂ ರೆಗ್ಯುಲೇಟರನ್ನೂ ಕೊಲ್ಲಬಹುದು.

ಮದ್ದು ಒಂದು ಡಯೋಡ್. 1 ಆಂಪ್‌ನದು ಸಾಕು, 3 ಆಂಪ್‌ನದು ಹಾಕಿದರೆ ಕಾಲು ಗಟ್ಟಿ ಇರುತ್ತದೆ, ಅದುರಿಗೆ ಮುರಿಯುವುದಿಲ್ಲ. ಕಂದು ವೈರ್ ಕತ್ತರಿಸಿ ಮಧ್ಯೆ ಸೇರಿಸಿ, ಬಿಳಿ ಪಟ್ಟಿ ಇರುವ ತುದಿ ಆಲ್ಟರ್ನೇಟರ್ ಕಡೆಗೆ. ಕರೆಂಟ್ ದೀಪದಿಂದ ಆಲ್ಟರ್ನೇಟರ್‌ಗೆ ಹೋಗಬಹುದು, ವಾಪಸ್ ಬರುವಂತಿಲ್ಲ. ಮೇಲೆ ಹೀಟ್‌ಶ್ರಿಂಕ್ ಕೊಳವೆ. ಪಟ್ಟಿ ತಿರುಗಾಮುರುಗಾ ಆದರೆ ಕೀ ಆನ್ ಮಾಡಿದಾಗ ಚಾರ್ಜ್ ದೀಪವೇ ಉರಿಯುವುದಿಲ್ಲ, ಅದರಿಂದಲೇ ಗೊತ್ತಾಗುತ್ತದೆ.

ಟಾರ್ಪಾಲು
ಈ ತೊಂದರೆ ಎಲ್ಲ ಗಾಡಿಗೂ ಯಾಕೆ ಬರುವುದಿಲ್ಲ? ರಿಲೇ ಹಾಕಿದ ಎಷ್ಟೋ ಗಾಡಿಗಳು ಸುಮ್ಮನೆ ಆಫ್ ಆಗುತ್ತವಲ್ಲ.

ಸುಟ್ಟ ಫ್ಯೂಸ್
ಅದೇ ಇಗ್ನಿಷನ್ ಸಾಲಿಗೆ ಇನ್ನೇನು ನೇತುಹಾಕಿದೆ ಎನ್ನುವುದರ ಮೇಲೆ ಹೋಗುತ್ತದೆ. ಹೀಟರ್ ಫ್ಯಾನ್, ಎಲೆಕ್ಟ್ರಿಕ್ ಚೋಕ್ ಇದ್ದರೆ ದೀಪದಿಂದ ಬರುವ ಚೂರು ಕರೆಂಟನ್ನು ಅವೇ ನುಂಗುತ್ತವೆ, ರಿಲೇಗೆ ಮಿಕ್ಕುವುದಿಲ್ಲ. ಸಾಲು ಖಾಲಿ ಇದ್ದಷ್ಟೂ ಈ ಕಾಟ ಜಾಸ್ತಿ. ಹಾಗಾಗಿ ಫ್ಯಾನ್ ಆನ್ ಇದ್ದಾಗ ಎಂಜಿನ್ ನಿಲ್ಲುತ್ತದೆ, ಇಲ್ಲದಾಗ ನಿಲ್ಲುವುದಿಲ್ಲ ಅನ್ನುವ ಗಾಡಿಗಳೂ ಇರುತ್ತವೆ. ದೆವ್ವ ಹಿಡಿದಿದೆ ಅಂತಾರೆ ಅದಕ್ಕೆ!

ಮೂರನೇ ಗೇರ್
ಡಯೋಡ್ ಹಾಕಿದೆ. ಕೀ ತಿರುಗಿಸಿದರೆ ಟಪ್ ಅಂತ ನಿಲ್ಲುತ್ತದೆ. ಚಾರ್ಜ್ ದೀಪ ಮೊದಲಿನಂತೆಯೇ ಇದೆ.

ಹಳೆ ರೆಗ್ಯುಲೇಟರ್ ಪ್ಲಗ್ ಇನ್ನೂ ನೇತಾಡುತ್ತಿದೆ. ಈಗ ಆಲ್ಟರ್ನೇಟರ್‌ನ 2ನೇ ಪಿನ್ ಅನ್ನು ಅದರದೇ ದೊಡ್ಡ ಬೋಲ್ಟ್‌ಗೆ ಕಟ್ಟಿದ್ದೇನೆ. ಹಾಗೇ ಬಿಡಬಹುದಾ?

ಪಾಯಿಂಟ್ ಗ್ಯಾಪ್
ಬಿಡಬಹುದು. ಆದರೆ 2ನೇ ಪಿನ್ ಅಂದರೆ ರೆಗ್ಯುಲೇಟರ್‌ನ ಕಣ್ಣು, ಅದು ಎಲ್ಲಿ ನೋಡುತ್ತದೋ ಅಲ್ಲಿಯ ವೋಲ್ಟೇಜನ್ನು ಸರಿ ಇಡುತ್ತದೆ. ಆಲ್ಟರ್ನೇಟರ್ ಬೋಲ್ಟ್‌ನಲ್ಲೇ ನೋಡಿದರೆ ಮುಂದಿನ ವೈರ್‌ಗಳಲ್ಲಿ ಬೀಳುವುದು ಅದಕ್ಕೆ ಕಾಣುವುದಿಲ್ಲ. ಹೆಡ್‌ಲೈಟ್, ಫ್ಯಾನ್ ಎಲ್ಲ ಹಂಚಿಕೊಳ್ಳುವ ಜಂಕ್ಷನ್‌ಗೆ ಕಟ್ಟಿದರೆ ಮೇಲು. ಹಳೆ ರೆಗ್ಯುಲೇಟರ್ ಪ್ಲಗ್‌ನಲ್ಲಿ ಕಂದನ್ನು ಬಿಳಿಗೆ, ಕೆಂಪನ್ನು ನೀಲಿಗೆ ಜೋಡಿಸಿ, ಆಲ್ಟರ್ನೇಟರ್ ತುದಿಯಲ್ಲಿ ಬಿಳಿಯನ್ನು 1ಕ್ಕೆ, ನೀಲಿಯನ್ನು 2ಕ್ಕೆ ಕೊಟ್ಟರೆ ಹಳೆ ಹಾರ್ನೆಸ್ಸೇ ಅದನ್ನು ಮಾಡಿಕೊಡುತ್ತದೆ.

ಡೀಸೆಲ್ ಮೀಸೆ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಡಾಡ್ಜ್ ಪಿಕಪ್, ಫೈರ್‌ವಾಲ್ ಮೇಲಿನ ಪಿಂಗಾಣಿ ಬ್ಯಾಲಸ್ಟ್ ತೆಗೆದು ಇದೇ ರೀತಿ ಮಾಡ್ಯೂಲ್ ಹಾಕಿದ್ದು. ಇಲ್ಲಿ ಸಮಸ್ಯೆ ಉಲ್ಟಾ: ಎಷ್ಟು ಸೆಲ್ಫ್ ಹೊಡೆದರೂ ಹತ್ತುವುದಿಲ್ಲ, ಕೀ ಬಿಡುವ ಕ್ಷಣದಲ್ಲಿ ಒಮ್ಮೆ ‘ಡಬ್’ ಅಂದು ಹತ್ತಲು ನೋಡುತ್ತದೆ.

ಪಾಯಿಂಟ್ ಗ್ಯಾಪ್
ಕ್ರೈಸ್ಲರ್ ಗಾಡಿಗಳ ಸ್ವಿಚ್ಚಿನಲ್ಲಿ ಇಗ್ನಿಷನ್‌ಗೆ ಎರಡು ಸಾಲು. ಒಂದು ರನ್‌ನಲ್ಲಿ ಮಾತ್ರ, ಇನ್ನೊಂದು ಸ್ಟಾರ್ಟ್‌ನಲ್ಲಿ ಮಾತ್ರ. ಎರಡೂ ಬ್ಯಾಲಸ್ಟ್‌ನ ಆಚೆ ಈಚೆ ತುದಿಗಳಲ್ಲಿ ಕೂಡುತ್ತಿದ್ದವು. ನೀವು ಬ್ಯಾಲಸ್ಟ್ ತೆಗೆದು ರನ್ ಸಾಲು ಒಂದನ್ನೇ ಬಳಸಿದ್ದೀರಿ, ಸೆಲ್ಫ್ ತಿರುಗುವಾಗ ಅದು ಸತ್ತಿರುತ್ತದೆ. ಬ್ಯಾಲಸ್ಟ್‌ನ ಎರಡೂ ಕಡೆಯ ವೈರ್‌ಗಳನ್ನು ಒಟ್ಟಿಗೆ ಜೋಡಿಸಿ ರಿಲೇಯ 86ಕ್ಕೆ ಕೊಡಿ. ಸ್ಟಾರ್ಟರ್ ರಿಲೇಗೆ ಹೋಗುವ ವೈರ್ ಬೇರೆಯದೇ, ಅದನ್ನು ಇದಕ್ಕೆ ಬೆರೆಸಬೇಡಿ.

ಡೀಸೆಲ್ ಮೀಸೆ
ಜೋಡಿಸಿದೆ, ಮೊದಲ ಸುತ್ತಿಗೇ ಹತ್ತಿತು.

ಮೂರನೇ ಗೇರ್
ಒಂದು ಗಂಟೆ ಓಡಿಸಿದ ಮೇಲೆ ಇನ್ನೊಂದು ವಿಷಯ. ಚೋಕ್ ಕೇಬಲ್‌ನ ಹೊರ ಸುರುಳಿ ಸೆಲ್ಫ್ ಹೊಡೆದಾಗ ಬಿಸಿಯಾಗುತ್ತಿದೆ, ಕೈ ಇಡಲು ಆಗದಷ್ಟು. ಇದಕ್ಕೂ ಇಗ್ನಿಷನ್‌ಗೂ ಸಂಬಂಧ ಇದೆಯೇ?

ಹನ್ನೆರಡು ವೋಲ್ಟ್
ಬಹಳ ಇದೆ. ಎಂಜಿನ್‌ಗೂ ಬಾಡಿಗೂ ನಡುವೆ ಅರ್ತ್ ಪಟ್ಟಿ ಇಲ್ಲ. ಹಳೆ ಎಂಜಿನ್ ಇಳಿಸುವಾಗ ಬಿಚ್ಚಿದ್ದು ವಾಪಸ್ ಬಂದಿಲ್ಲ. ಬ್ಯಾಟರಿ ಮೈನಸ್ ಬಾಡಿಗೋ ಛಾಸಿಗೋ ಮಾತ್ರ ಕಟ್ಟಿದ್ದರೆ ಸೆಲ್ಫ್‌ನ ನೂರಾರು ಆಂಪ್ ಚೋಕ್ ಕೇಬಲ್ ಹಿಡಿದು ಮನೆಗೆ ಹೋಗುತ್ತಿದೆ. ಸೆಲ್ಫ್ ತಿರುಗುವಾಗ ಮೀಟರ್‌ನ ಒಂದು ಮುಳ್ಳು ಬ್ಯಾಟರಿ ಮೈನಸ್ ಕಂಬದ ಮೇಲೆ (ಲಗ್ ಮೇಲಲ್ಲ, ಸೀಸದ ಕಂಬದ ಮೇಲೇ), ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಡಿ. 0.3 ದಾಟಬಾರದು. ಆಮೇಲೆ ಬ್ಲಾಕಿನಿಂದ ಫೈರ್‌ವಾಲ್‌ಗೆ, ಬ್ಲಾಕಿನಿಂದ ಛಾಸಿಗೆ ಅದೇ ರೀತಿ.

ಎಚ್‌ಇಐ ಅರ್ತ್ ಪಡೆಯುವುದು ಡಿಸ್ಟ್ರಿಬ್ಯೂಟರ್ ಬಾಡಿ, ಮ್ಯಾನಿಫೋಲ್ಡ್, ಬ್ಲಾಕ್ ಮೂಲಕ. ಅಲ್ಲಿ ಹೋದ ಒಂದು ವೋಲ್ಟ್ ಕೂಡ ಕಿಡಿಯಿಂದಲೇ ಕಡಿತ.

ಮೂರನೇ ಗೇರ್
ಬ್ಲಾಕಿಗೆ 1.6 ವೋಲ್ಟ್! ಮೈನಸ್ ಕೇಬಲ್ ಛಾಸಿಗೆ ಮಾತ್ರ ಇತ್ತು, ಬಣ್ಣದ ಮೇಲೇ ಬೋಲ್ಟ್ ಬಿಗಿದಿತ್ತು. ಈಗ ಬ್ಯಾಟರಿ ಮೈನಸ್ ನೇರ ಬ್ಲಾಕಿಗೆ, ಬ್ಲಾಕಿನ ಹಿಂಭಾಗದಿಂದ ಫೈರ್‌ವಾಲ್‌ಗೆ ಹೆಣೆದ ಪಟ್ಟಿ, ಛಾಸಿಗೆ ಇನ್ನೊಂದು. ಮೂರೂ ಕಡೆ ಬಣ್ಣ ಉಜ್ಜಿ ತೆಗೆದೆ. ಸೆಲ್ಫ್ ಹೊಡೆದಾಗ 0.15. ಕೇಬಲ್ ತಣ್ಣಗಿದೆ, ಸೆಲ್ಫ್ ಕೂಡ ಮೊದಲಿಗಿಂತ ಚುರುಕು.

ಗ್ರೀಸ್ ಕೈ
ಕ್ಯಾಪ್ ತೆಗೆದಾಗ ಮಾಡ್ಯೂಲ್ ಕೆಳಗೆ ಗ್ರೀಸ್ ಇದೆಯೇ ನೋಡಿಬಿಡಿ. ಸ್ಪಾರ್ಕ್ ಪ್ಲಗ್ ಬೂಟಿಗೆ ಹಚ್ಚುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಸಾಕು.

ಹನ್ನೆರಡು ವೋಲ್ಟ್
ಅದಲ್ಲ. ಬೂಟಿನ ಗ್ರೀಸ್ ನೀರು ತಡೆಯಲು, ಕರೆಂಟ್ ತಡೆಯಲು. ಮಾಡ್ಯೂಲ್‌ಗೆ ಬೇಕಾದದ್ದು ಶಾಖ ದಾಟಿಸುವ ಪೇಸ್ಟ್, ಕಂಪ್ಯೂಟರ್ ಪ್ರೊಸೆಸರ್ ಮೇಲೆ ಹಚ್ಚುವ ಬಿಳಿ ಪೇಸ್ಟ್ ಬಗೆಯದು. ಹಳೆಯದನ್ನು ಪೂರ್ತಿ ಒರೆಸಿ, ತೆಳುವಾಗಿ ಹಚ್ಚಿ. ಇಲ್ಲದಿದ್ದರೆ ಇಪ್ಪತ್ತು ನಿಮಿಷ ಓಡಿ ಸಾಯುವುದು, ಅರ್ಧ ಗಂಟೆ ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಹತ್ತುವುದು ಶುರುವಾಗುತ್ತದೆ. ಮಾಡ್ಯೂಲ್‌ನ ಎರಡು ಸ್ಕ್ರೂಗಳೇ ಅದರ ಅರ್ತ್, ಸಡಿಲ ಬಿಡಬೇಡಿ.

ಕ್ಯಾಪ್ ತೆಗೆದಿದ್ದೀರಿ ಅಂದಮೇಲೆ ಪಿಕಪ್ ಕಾಯಿಲ್ (ಕಿಡಿಯ ಹೊತ್ತನ್ನು ಮಾಡ್ಯೂಲ್‌ಗೆ ತಿಳಿಸುವ ಸುರುಳಿ) ಕೂಡ ಅಳೆಯಿರಿ. ಎರಡು ವೈರ್ ಮಾಡ್ಯೂಲ್‌ನಿಂದ ಬಿಡಿಸಿ, ನಡುವೆ 500ರಿಂದ 1,500 ಓಮ್. ಯಾವುದೇ ಒಂದರಿಂದ ಬಾಡಿಗೆ ಏನೂ ಇರಬಾರದು. ಅಳೆಯುತ್ತಲೇ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ಕೈಯಿಂದ ಆಚೀಚೆ ಎಳೆಯಿರಿ. ಆ ವೈರ್‌ಗಳು ಮಡಚಿ ಮಡಚಿ ಹೊದಿಕೆಯ ಒಳಗೇ ತುಂಡಾಗಿರುತ್ತವೆ, ತಟ್ಟೆ ಒಂದು ಕಡೆ ಇದ್ದಾಗ ಸರಿ, ಇನ್ನೊಂದು ಕಡೆ ಇದ್ದಾಗ ಅನಂತ. ಗಾಡಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ತಪ್ಪುತ್ತಿದ್ದರೆ ಇದನ್ನು ಮರೆಯಬಾರದು.

ಮೂರನೇ ಗೇರ್
ಪಿಕಪ್ 870 ಓಮ್, ಎಳೆದರೂ ಅಲುಗಲಿಲ್ಲ. ಮಾಡ್ಯೂಲ್ ಕೆಳಗೆ ಪೇಸ್ಟ್ ಒಣಗಿ ಪುಡಿಯಾಗಿತ್ತು, ಹೊಸದು ಹಚ್ಚಿದೆ.

ಕೊನೆಯದು: ಟ್ಯಾಕೋಮೀಟರ್ ವೈರನ್ನು ‘ಟ್ಯಾಕ್’ ಟರ್ಮಿನಲ್‌ಗೆ ಹಾಕಿ ಡ್ಯಾಶ್‌ಬೋರ್ಡ್‌ಗೆ ಎಳೆಯಬೇಕು. ಅದಕ್ಕೂ ಫ್ಯೂಸ್ ಬೇಕಾ?

ಸುಟ್ಟ ಫ್ಯೂಸ್
ಫ್ಯೂಸ್‌ಗಿಂತ ಮುಖ್ಯ ಅದು ಎಲ್ಲೂ ಉಜ್ಜದಿರುವುದು. ಟ್ಯಾಕ್ ಅಂದರೆ ಕಾಯಿಲ್‌ನ ಮೈನಸ್ ತುದಿ. ಆ ವೈರ್ ಅರ್ತ್‌ಗೆ ತಾಗಿದರೆ ಕಾಯಿಲ್‌ನಲ್ಲಿ ಕರೆಂಟ್ ಕಡಿತವಾಗುವುದೇ ಇಲ್ಲ, ಕಿಡಿ ನಿಂತು ಹೋಗುತ್ತದೆ, ಎಂಜಿನ್ ನಡುದಾರಿಯಲ್ಲಿ ಸಾಯುತ್ತದೆ. ಫೈರ್‌ವಾಲ್ ತೂತಿಗೆ ರಬ್ಬರ್ ಬಳೆ ಹಾಕಿಯೇ ದಾಟಿಸಿ. ಡಿಸ್ಟ್ರಿಬ್ಯೂಟರ್ ಹತ್ತಿರ ಕಿತ್ತು ಹಾಕಬಹುದಾದ ಒಂದು ಜಾಯಿಂಟ್ ಇಡಿ. ಮುಂದೆಂದಾದರೂ ಕಿಡಿ ಇಲ್ಲವೆಂದು ಕಂಡರೆ ಮೊದಲು ಆ ಜಾಯಿಂಟ್ ಕಿತ್ತು ಸೆಲ್ಫ್ ಹೊಡೆದು ನೋಡಿ, ಮಾಡ್ಯೂಲ್ ಬಿಚ್ಚುವುದು ಆಮೇಲೆ.

ಪಾಯಿಂಟ್ ಗ್ಯಾಪ್
ಪ್ಲಗ್ ಗ್ಯಾಪ್ ಇನ್ನೂ ಪಾಯಿಂಟ್ ಕಾಲದ 0.9 ಮಿ.ಮೀ. ಇದ್ದರೆ 1.1ಕ್ಕೆ ತೆರೆಯಬಹುದು. ಈಗ ಪೂರ್ತಿ ವೋಲ್ಟೇಜ್ ಬರುತ್ತಿದೆಯಲ್ಲ.

ಮೂರನೇ ಗೇರ್
1.1ಕ್ಕೆ ಇಟ್ಟೆ. ರಬ್ಬರ್ ಬಳೆ ಹಾಕಿ ಟ್ಯಾಕೋ ವೈರ್ ಎಳೆದಾಯಿತು, ಮುಳ್ಳು ಐಡಲ್‌ನಲ್ಲಿ 700ರ ಮೇಲೆ ನಿಂತಿದೆ. ಬಿಚ್ಚಬೇಕೆಂದಿದ್ದ ಕಾರ್ಬ್ಯುರೇಟರ್‌ನ ಒಂದು ಸ್ಕ್ರೂ ಕೂಡ ತಿರುಗಿಸಿಲ್ಲ.